ಹಣ ಕಟ್ಟುವ ಮುನ್ನ ಹತ್ತು ನಿಮಿಷ: ಜಾಲದ ಬಿಟ್ಟಿ ಬರಹಕ್ಕೆ ರಟ್ಟು ಹಾಕಿದ ಪುಸ್ತಕ ಗುರುತಿಸುವುದು ಹೇಗೆ?

ಆನ್‌ಲೈನ್ ಅಂಗಡಿಯಲ್ಲಿ ಯಾವುದೋ ಊರಿನ ಇತಿಹಾಸವನ್ನೋ, ಅಪರೂಪದ ಕಾಯಿಲೆಯೊಂದರ ಮಾಹಿತಿಯನ್ನೋ ಹುಡುಕುತ್ತೀರಿ. ಬೇರೆಲ್ಲೂ ಸಿಗದ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಇಡೀ ಪುಸ್ತಕವೇ ಇದೆ! ಮುಖಪುಟ ಅಂದವಾಗಿದೆ, ಸಂಪಾದಕರೆಂದು ಮೂವರ ಹೆಸರಿದೆ, ಬೆಲೆ ಸಾವಿರಾರು ರೂಪಾಯಿ. ತರಿಸಿ ಬಿಡಿಸಿದರೆ ಒಳಗಿರುವುದು ವಿಕಿಪೀಡಿಯದ ಲೇಖನಗಳು, ಇದ್ದದ್ದು ಇದ್ದ ಹಾಗೆ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಓದಬಹುದಾಗಿದ್ದ ಪುಟಗಳಿಗೆ ದುಡ್ಡು ಕೊಟ್ಟಂತಾಯಿತು.

ಇದು ಇಂದು ನಿನ್ನೆಯದಲ್ಲ. ಜರ್ಮನಿಯಲ್ಲಿ ಹುಟ್ಟಿದ ವಿಡಿಎಂ ಎಂಬ ಪ್ರಕಾಶನ ಸಮೂಹ ಆಲ್ಫಾಸ್ಕ್ರಿಪ್ಟ್, ಬೀಟಾಸ್ಕ್ರಿಪ್ಟ್ ಮುಂತಾದ ಹೆಸರುಗಳಲ್ಲಿ ಇಂಥ ಪುಸ್ತಕಗಳನ್ನು ಸಾವಿರಗಟ್ಟಲೆ ಹೊರತಂದಿತು. ಅಮೆರಿಕದ ಬುಕ್ಸ್ ಎಲ್‌ಎಲ್‌ಸಿಯದೂ ಹೆಚ್ಚುಕಡಿಮೆ ಇದೇ ದಾರಿ. ಬೇಡಿಕೆ ಬಂದಾಗಷ್ಟೇ ಮುದ್ರಿಸುವ ತಂತ್ರ ಇದನ್ನು ಸುಲಭಗೊಳಿಸಿದೆ. ಗೋದಾಮಿನಲ್ಲಿ ಒಂದು ಪ್ರತಿಯೂ ಇರಬೇಕಿಲ್ಲ. ಇರುವುದು ಒಂದು ಕಂಪ್ಯೂಟರ್ ಕಡತ ಮಾತ್ರ. ನೀವು ಹಣ ಕಟ್ಟಿದ ಮೇಲೆಯೇ ಕಾಗದಕ್ಕೆ ಶಾಯಿ ತಾಗುವುದು. ಹತ್ತು ಸಾವಿರ ಶೀರ್ಷಿಕೆಗಳನ್ನು ಪಟ್ಟಿಗೆ ಸೇರಿಸಿದರೂ ಪ್ರಕಾಶಕರಿಗೆ ಮುದ್ರಣದ ಖರ್ಚಿಲ್ಲ.

ಕಾನೂನಿನ ಮಾತನ್ನೂ ಸ್ಪಷ್ಟಪಡಿಸಿಕೊಳ್ಳೋಣ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಲ್ಲಿ ಹಂಚಿದರೆ ಯಾರು ಬೇಕಾದರೂ ಮುದ್ರಿಸಿ ಮಾರಬಹುದು. ಹಾಗಾಗಿ ಇದೆಲ್ಲ ಕಳ್ಳತನವಲ್ಲ. ನನ್ನ ತಕರಾರು ಬೇರೆ. ಪುಸ್ತಕಕ್ಕೆ ನಾವು ಕೊಡುವ ಹಣ ಕಾಗದದ ತೂಕಕ್ಕಲ್ಲ. ವಿಷಯ ಬಲ್ಲ ಒಬ್ಬರು ಆರಿಸಿದ್ದಾರೆ, ತಾಳೆ ನೋಡಿದ್ದಾರೆ, ತಪ್ಪು ತಿದ್ದಿದ್ದಾರೆ ಎಂಬ ಭರವಸೆಗೆ. ಆ ಕೆಲಸ ನಡೆದೇ ಇಲ್ಲದಿದ್ದರೆ, ಅದು ಕೊಳ್ಳುವವರಿಗೆ ಮೊದಲೇ ಗೊತ್ತಾಗಬೇಕು.

ಹೆಜ್ಜೆ 1: ವಿವರಣೆಯನ್ನು ಕೊನೆಯ ಸಾಲಿನವರೆಗೆ ಓದಿ

ಮೊಬೈಲ್ ಪರದೆಯಲ್ಲಿ ವಿವರಣೆಯ ಮೊದಲ ಮೂರ್ನಾಲ್ಕು ಸಾಲು ಮಾತ್ರ ಕಾಣುತ್ತದೆ. ಅದನ್ನು ಪೂರ್ತಿ ಬಿಡಿಸಿ. ಆಲ್ಫಾಸ್ಕ್ರಿಪ್ಟ್‌ನಂಥ ಪುಸ್ತಕಗಳಲ್ಲಿ ‘ಇದರ ವಿಷಯ ಮುಖ್ಯವಾಗಿ ವಿಕಿಪೀಡಿಯ ಅಥವಾ ಜಾಲದ ಇತರ ಮುಕ್ತ ಮೂಲಗಳಿಂದ ಬಂದದ್ದು’ ಎಂಬರ್ಥದ ಒಂದು ವಾಕ್ಯ ಇಂಗ್ಲಿಷಿನಲ್ಲಿ ಇರುತ್ತದೆ. ಮುಖಪುಟದ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲೂ ವಿಕಿಪೀಡಿಯದ ಹೆಸರು ಕಾಣಬಹುದು. ಶೀರ್ಷಿಕೆಯನ್ನೂ ಗಮನಿಸಿ: ಒಂದು ಹೆಸರು, ಆಮೇಲೆ ಅಲ್ಪವಿರಾಮ ಹಾಕುತ್ತಾ ಸಾಲು ಸಾಲು ವಿಷಯಗಳು. ಹುಡುಕುವ ಯಂತ್ರದ ಕಣ್ಣಿಗೆ ಬೀಳಲೆಂದು ಲೇಖನಗಳ ತಲೆಬರಹಗಳನ್ನೇ ಪೋಣಿಸಿರುತ್ತಾರೆ.

ಹೆಜ್ಜೆ 2: ಬರೆದವರ ಹೆಸರನ್ನು ಒತ್ತಿ

ಲೇಖಕರ ಹೆಸರನ್ನು ಒತ್ತಿದರೆ ಅವರ ಬೇರೆ ಪುಸ್ತಕಗಳ ಪಟ್ಟಿ ತೆರೆದುಕೊಳ್ಳುತ್ತದೆ. ಒಬ್ಬರೇ ರೈಲ್ವೆ ನಿಲ್ದಾಣ, ಕಪ್ಪೆಯ ಪ್ರಭೇದ, ರೋಮನ್ ಚಕ್ರವರ್ತಿ ಎಲ್ಲದರ ಮೇಲೂ ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಅವರು ಯಾವ ಕಾಲೇಜಿನವರು, ಎಲ್ಲಿ ಕೆಲಸ ಮಾಡಿದವರು, ಪತ್ರಿಕೆಗಳಲ್ಲಿ ಏನಾದರೂ ಬರೆದಿದ್ದಾರೆಯೇ ಎಂದು ಹೊರಗೆ ಒಮ್ಮೆ ಹುಡುಕಿ. ಹೊಸ ಲೇಖಕರಿಗೆ ಹೆಸರು ಇಲ್ಲದಿರಬಹುದು, ಅದು ತಪ್ಪಲ್ಲ. ಆದರೆ ಔಷಧ, ಆಹಾರ, ಕಾನೂನಿನಂಥ ವಿಷಯದಲ್ಲಿ ಬರೆದವರ ಗುರುತೇ ಇಲ್ಲದಿದ್ದರೆ ಆ ಪುಸ್ತಕ ಬೇಡ.

ಹೆಜ್ಜೆ 3: ಒಂದು ವಾಕ್ಯ ಹಿಡಿದು ಹುಡುಕಿ

ಎಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಇದು. ಸೀರೆ ಕೊಳ್ಳುವಾಗ ಒಳಮಡಿಕೆ ಬಿಡಿಸಿ ನೋಡುವ ಹಾಗೆ, ಪುಸ್ತಕದ ಮಾದರಿ ಪುಟಗಳನ್ನು ತೆರೆಯಿರಿ. ಮುನ್ನುಡಿ ಬಿಟ್ಟು ಒಳಗಿನ ಪುಟಕ್ಕೆ ಹೋಗಿ. ಹೆಸರು, ಊರು, ಇಸವಿ ಮೂರೂ ಇರುವ ಒಂದು ವಾಕ್ಯ ಆರಿಸಿಕೊಳ್ಳಿ. ‘ಆರೋಗ್ಯವೇ ಭಾಗ್ಯ’ದಂಥ ಸಾಮಾನ್ಯ ಮಾತು ಸಾವಿರ ಕಡೆ ಸಿಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆರಿಸಿದ ವಾಕ್ಯದ ಎಂಟು ಹತ್ತು ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಟೈಪಿಸಿ ಹುಡುಕಿ. ಅದೇ ವಾಕ್ಯ ವಿಕಿಪೀಡಿಯದಲ್ಲೋ ಬ್ಲಾಗಿನಲ್ಲೋ ಅಕ್ಷರಶಃ ಸಿಕ್ಕರೆ ಇನ್ನೆರಡು ಪುಟಗಳಿಂದ ಇನ್ನೆರಡು ವಾಕ್ಯ ಹುಡುಕಿ. ಮೂರೂ ಸಿಕ್ಕರೆ ಅನುಮಾನಕ್ಕೆ ಜಾಗವಿಲ್ಲ.

ಇಲ್ಲೊಂದು ಎಚ್ಚರ ಬೇಕು. ಕೆಲವೊಮ್ಮೆ ವಿಕಿಪೀಡಿಯಕ್ಕೇ ಯಾರೋ ಪುಸ್ತಕದಿಂದ ನಕಲು ಮಾಡಿ ಹಾಕಿರುತ್ತಾರೆ. ಯಾರದು ಮೊದಲು ಎಂದು ತಿಳಿಯಲು ವಿಕಿಪೀಡಿಯ ಪುಟದ ಮೇಲ್ಭಾಗದಲ್ಲಿರುವ ‘ಇತಿಹಾಸ’ ಕೊಂಡಿ ಒತ್ತಿ. ಯಾವ ತಿದ್ದುಪಡಿ ಯಾವ ದಿನ ಆಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಪುಸ್ತಕ ಪ್ರಕಟವಾದ ದಿನದ ಜತೆ ಹೋಲಿಸಿ ನೋಡಿ. ಪ್ರಾಮಾಣಿಕ ಲೇಖಕರೊಬ್ಬರ ಮೇಲೆ ಸುಳ್ಳು ಅಪವಾದ ಬರಬಾರದಲ್ಲವೇ?

ನಕಲಿಳಿಸಿದ ಪುಟಕ್ಕೆ ಅದರದೇ ಗುರುತುಗಳಿರುತ್ತವೆ. ವಾಕ್ಯದ ಕೊನೆಗೆ ಚೌಕಾವರಣದಲ್ಲಿ 3, 7, 12 ಎಂಬ ಅಂಕಿಗಳು, ಆದರೆ ಪುಸ್ತಕದ ಕೊನೆಯಲ್ಲಿ ಆ ಅಂಕಿಗಳಿಗೆ ಸಂಬಂಧಿಸಿದ ಟಿಪ್ಪಣಿಯೇ ಇಲ್ಲ. ನಡುವೆ ಎಲ್ಲೋ ‘ಉಲ್ಲೇಖದ ಅಗತ್ಯವಿದೆ’ ಎಂಬ ಸಂಪಾದಕೀಯ ಸೂಚನೆ ಹಾಗೇ ಅಚ್ಚಾಗಿರುತ್ತದೆ. ಪಕ್ಕದ ಚಿತ್ರ ನೋಡಿ ಎನ್ನುತ್ತದೆ, ಚಿತ್ರವಿಲ್ಲ. ‘ಹೊರಗಿನ ಕೊಂಡಿಗಳು’ ಎಂಬ ತಲೆಬರಹದ ಕೆಳಗೆ, ಕಾಗದದ ಮೇಲೆ ಒತ್ತಲಾಗದ ಕೊಂಡಿಗಳ ಪಟ್ಟಿ. ಒಬ್ಬರಾದರೂ ಕರಡು ಓದಿದ್ದರೆ ಇವು ಯಾವುವೂ ಉಳಿಯುತ್ತಿರಲಿಲ್ಲ.

ಹೆಜ್ಜೆ 4: ಐಎಸ್‌ಬಿಎನ್

ಐಎಸ್‌ಬಿಎನ್ ಎಂದರೆ ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ. ಅದು ಇದ್ದ ಮಾತ್ರಕ್ಕೆ ಪುಸ್ತಕ ಒಳ್ಳೆಯದೆಂದು ಅರ್ಥವಲ್ಲ. ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅದು ಪುಸ್ತಕದ ಗುಣ ನೋಡಿ ಕೊಡುವ ಮುದ್ರೆಯಲ್ಲ. ಆದರೂ ಅಂಕಿಗಳಲ್ಲಿ ಸುಳಿವು ಇದೆ. 978-81, 978-93 ಎಂದು ಶುರುವಾದರೆ ಭಾರತದ್ದು. 978-613 ಎಂದರೆ ಮಾರಿಷಸ್. ವಿಡಿಎಂ ಸಮೂಹದ ಬಹಳಷ್ಟು ಪುಸ್ತಕಗಳ ಮೇಲೆ ಇದೇ ಸಂಖ್ಯೆ ಇದೆ. ಕರ್ನಾಟಕದ ಊರೊಂದರ ಬಗೆಗಿನ ಪುಸ್ತಕಕ್ಕೆ ಮಾರಿಷಸ್ ಸಂಖ್ಯೆ ಇದ್ದರೆ ಮೂರನೇ ಹೆಜ್ಜೆಯ ಪರೀಕ್ಷೆಯನ್ನು ತಪ್ಪದೆ ಮಾಡಿ.

ಹೆಜ್ಜೆ 5: ಹಳೆಯ ಪುಸ್ತಕದ ಮರುಮುದ್ರಣವಾದರೆ

ಕನ್ನಡ ಓದುಗರು, ಅದರಲ್ಲೂ ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಕಿಟೆಲ್ ನಿಘಂಟು, ಬುಕಾನನ್ ಪ್ರವಾಸ ಕಥನ, ರೈಸ್ ಅವರ ಮೈಸೂರು ಗೆಜೆಟಿಯರ್ ಎಲ್ಲವೂ ಹಕ್ಕುಸ್ವಾಮ್ಯದ ಅವಧಿ ಮುಗಿದವು. ಗ್ರಂಥಾಲಯದ ಪ್ರತಿಯನ್ನು ಯಾರೋ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಂಥ ತಾಣಕ್ಕೆ ಹಾಕಿರುತ್ತಾರೆ. ಅದನ್ನೇ ಇಳಿಸಿಕೊಂಡು ಮುದ್ರಿಸಿ ಮಾರುವವರು ಅನೇಕರು.

ಕೊಳ್ಳುವ ಮುನ್ನ ಸಂಪುಟಗಳನ್ನು ಎಣಿಸಿ. 1807ರಲ್ಲಿ ಬಂದ ಬುಕಾನನ್ ಕೃತಿ ಮೂರು ಸಂಪುಟಗಳದ್ದು, ರೈಸ್ ಅವರ ಗೆಜೆಟಿಯರಿನ 1897ರ ಪರಿಷ್ಕೃತ ಆವೃತ್ತಿ ಎರಡು ಸಂಪುಟಗಳದ್ದು. ಇಡೀ ಕೃತಿಯ ಹೆಸರಿಟ್ಟು ಒಂದೇ ಸಂಪುಟ ಕಳಿಸುವುದುಂಟು. ಪುಟಗಳ ಸಂಖ್ಯೆಯನ್ನೂ ನೋಡಿ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚುಹಾಕಿದ ಕಿಟೆಲ್ ನಿಘಂಟಿನಲ್ಲಿ 1700ಕ್ಕೂ ಹೆಚ್ಚು ಪುಟಗಳಿವೆ. ನಾನೂರು ಪುಟದ ‘ಸಂಪೂರ್ಣ ಕಿಟೆಲ್’ ಇರಲು ಸಾಧ್ಯವಿಲ್ಲ.

ಮುಂದಿನದು, ಅದು ಪುಟದ ಚಿತ್ರವೋ ಅಥವಾ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸುವ ತಂತ್ರ) ಯಂತ್ರ ಓದಿ ಹೊಸದಾಗಿ ಜೋಡಿಸಿದ ಅಕ್ಷರವೋ ಎಂಬುದು. ಚಿತ್ರವಾದರೆ ಮಸುಕು ಪುಟ, ಬಿಟ್ಟುಹೋದ ಪುಟ, ಸ್ಕ್ಯಾನ್ ಮಾಡಿದವರ ಬೆರಳು, ಮಡಿಕೆ ಬಿಚ್ಚದೇ ಉಳಿದ ಭೂಪಟಗಳು ಇರಬಹುದು; ಆದರೂ ಓದಲು ಬರುತ್ತದೆ. ಓಸಿಆರ್ ಆದರೆ ಕಷ್ಟ. ರೋಮನ್ ಲಿಪಿಗಷ್ಟೇ ಹೊಂದಿಸಿದ ಯಂತ್ರದ ಮುಂದೆ ಕನ್ನಡದ ಒತ್ತಕ್ಷರ ಬಂದರೆ ಅದು ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿಗಳ ರಾಶಿಯಾಗಿ ಹೊರಬೀಳುತ್ತದೆ. ಕನ್ನಡ ಪದವೇ ಇಲ್ಲದ ಕನ್ನಡ ನಿಘಂಟನ್ನು ಏನು ಮಾಡುವುದು? ಮಾದರಿ ಪುಟದಲ್ಲಿ ಒಂದಾದರೂ ಕನ್ನಡ ಅಕ್ಷರ ಸರಿಯಾಗಿ ಕಾಣುವವರೆಗೆ ಹಣ ಕಟ್ಟಬೇಡಿ.

ಇದೇ ಕಿಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಹಳೆಯ ಪುಸ್ತಕವೊಂದನ್ನು ಮತ್ತೆ ಅಚ್ಚಿಗೆ ತರುವುದಕ್ಕೆ ಎಷ್ಟು ವಿದ್ವತ್ತು, ಎಷ್ಟು ಬೆವರು ಬೇಕೆಂದು ಅದನ್ನು ತಿರುವಿದರೆ ತಿಳಿಯುತ್ತದೆ. ಅಂಥದ್ದಕ್ಕೆ ಹಣ ಕೊಡಲು ಹಿಂದೆಮುಂದೆ ನೋಡಬಾರದು.

ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹ 2024ರ ಜನವರಿಯಿಂದ ಎಲ್ಲರದು. ಇಂಥ ಲೇಖಕರ ಪುಸ್ತಕ ಬೇಕಾದರೆ ಮೊದಲು ಕನ್ನಡ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್ ನೋಡಿ. ವಿಕಿಪೀಡಿಯದ ಯಾವುದೇ ಪುಟವನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳುವ ಸೌಲಭ್ಯವೂ ಅದೇ ಪುಟದಲ್ಲಿದೆ. ಕಾಗದದಲ್ಲೇ ಬೇಕೆಂದರೆ ಹತ್ತಿರದ ಜೆರಾಕ್ಸ್ ಅಂಗಡಿ ಸಾಕು.

ಹೆಜ್ಜೆ 6: ಯಂತ್ರ ಬರೆದ ಪುಸ್ತಕವೇ?

ಈಚೆಗೆ ನಕಲಿನ ಗೊಡವೆಯೂ ಇಲ್ಲ. ಕೃತಕ ಬುದ್ಧಿಮತ್ತೆಯಿಂದ ಬರೆಸಿ ಸೇರಿಸುತ್ತಾರೆ. ಹಾಗಾಗಿ ಮೂರನೇ ಹೆಜ್ಜೆಯ ಹುಡುಕಾಟಕ್ಕೆ ಇವು ಸಿಕ್ಕುವುದಿಲ್ಲ. 2023ರಲ್ಲಿ ಕಾಡಿನ ಅಣಬೆ ಗುರುತಿಸುವ ಇಂಥ ಪುಸ್ತಕಗಳು ಮಾರಾಟಕ್ಕೆ ಬಂದಾಗ, ಪರಿಚಿತ ಲೇಖಕರ ಪುಸ್ತಕಗಳನ್ನೇ ಕೊಳ್ಳಿ, ಇದು ಸಾವು ಬದುಕಿನ ಪ್ರಶ್ನೆ ಎಂದು ನ್ಯೂಯಾರ್ಕಿನ ಅಣಬೆ ಅಧ್ಯಯನ ಸಂಘ ಎಚ್ಚರಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆಜಾನ್, ಒಬ್ಬರು ದಿನಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಶೀರ್ಷಿಕೆ ಸೇರಿಸುವಂತಿಲ್ಲ ಎಂಬ ಮಿತಿ ಹಾಕಿತು. ಯಂತ್ರ ಬರೆದದ್ದಾದರೆ ತನಗೆ ತಿಳಿಸಬೇಕೆಂದೂ ಹೇಳಿತು. ಆದರೆ ಅದನ್ನು ಕೊಳ್ಳುವವರಿಗೆ ತೋರಿಸಬೇಕೆಂದು ಹೇಳಲಿಲ್ಲ. ದಿನಕ್ಕೆ ಮೂರು ಪುಸ್ತಕ ಎಂಬುದೇ ಮಿತಿಯಾದರೆ ಅದಕ್ಕೂ ಮುಂಚಿನ ಪ್ರವಾಹ ಹೇಗಿತ್ತೆಂದು ಊಹಿಸಿ. ಗಿಡಮೂಲಿಕೆ, ಮಧುಮೇಹದ ಆಹಾರ, ಮಕ್ಕಳ ಔಷಧ ಮುಂತಾದ ವಿಷಯಕ್ಕೆ ವೈದ್ಯರ ಹೆಸರು, ನೋಂದಣಿ, ಪರಿಚಿತ ಪ್ರಕಾಶಕರು ಇರುವ ಪುಸ್ತಕ ಬಿಟ್ಟು ಬೇರೆಯದಕ್ಕೆ ಕೈಹಾಕಬೇಡಿ.

ಹೆಜ್ಜೆ 7: ಕೊಂಡಾಗಿದ್ದರೆ

ಪೊಟ್ಟಣ ಬಿಚ್ಚಿದ ದಿನವೇ ಕೆಲಸ ಶುರುಮಾಡಿ. ವಾಪಸಿನ ಗಡುವು ಕೆಲವೇ ದಿನಗಳದ್ದು. ನಕಲಾದ ಪುಟದ ಫೋಟೊ, ಮೂಲದ ಸ್ಕ್ರೀನ್‌ಶಾಟ್, ಮಾರಾಟ ಪುಟದ ವಿವರಣೆಯ ಸ್ಕ್ರೀನ್‌ಶಾಟ್ ಮೂರನ್ನೂ ತೆಗೆದಿಡಿ. ಕೊನೆಯದು ಬಹಳ ಮುಖ್ಯ. ಮೂಲ ವಿಕಿಪೀಡಿಯ ಎಂದು ವಿವರಣೆಯಲ್ಲೇ ಹೇಳಿದ್ದರೆ ನಿಮ್ಮ ದೂರಿಗೆ ಬಲ ಕಡಿಮೆ; ಹೇಳಿಲ್ಲದಿದ್ದರೆ ಅದೇ ನಿಮ್ಮ ಸಾಕ್ಷ್ಯ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆಯೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಸ್ತುವಿಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಅರ್ಜಿ ಶುಲ್ಕವಿಲ್ಲ.

ಹಣ ವಾಪಸು ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಆ ಪುಸ್ತಕದ ಕೆಳಗೆ ವಿಮರ್ಶೆ ಬರೆಯಿರಿ. ‘ಮೋಸ, ಕೊಳ್ಳಬೇಡಿ’ ಎಂದಷ್ಟೇ ಬರೆದರೆ ಯಾರೂ ನಂಬುವುದಿಲ್ಲ. ಎಷ್ಟನೇ ಪುಟದ ಯಾವ ವಾಕ್ಯ, ಯಾವ ಲೇಖನದಲ್ಲಿ ಸಿಗುತ್ತದೆ ಎಂದು ಬರೆದು ಎರಡೂ ಪುಟಗಳ ಫೋಟೊ ಹಾಕಿ. ಕಾಲೇಜಿನ ಗ್ರಂಥಪಾಲಕರು ಖರೀದಿ ಪಟ್ಟಿ ಮಾಡುವಾಗ ಇಂಥ ನಾಲ್ಕು ಸಾಲು ಕಂಡರೆ ಸಾಕು, ಆ ಶೀರ್ಷಿಕೆ ಪಟ್ಟಿಯಿಂದ ಹೊರಗೆ.