ಹೊಸ ಕೆಲಸದ ಆಫರ್ ಬಂತು, ಕೇದಾರಕ್ಕೆ ಟಿಕೆಟ್ ಮೊದಲೇ ಆಗಿತ್ತು: ನನ್ನ ಅನುಭವ

ಹೊಸ ಕೆಲಸಕ್ಕೆ ಕರೆ ಬಂದಿದೆ, ಆದರೆ ಮನೆಯವರ ಜೊತೆ ಟೂರ್ ಮೊದಲೇ ಬುಕ್ ಆಗಿದೆ. ಇದನ್ನು ಹೊಸ ಕೆಲಸದವರಿಗೆ ಯಾವಾಗ ಹೇಳಬೇಕು ಅಂತ ಪರಿಚಯದ ಹುಡುಗ ಹುಡುಗಿಯರು ತುಂಬಾ ಜನ ಕೇಳ್ತಾರೆ. ನಾನು ಹೇಳಿದ್ದು ಆಫರ್ ಕೈಗೆ ಬಂದ ಮೇಲೆ, ಆದರೆ 'ಆಯ್ತು, ಬರ್ತೀನಿ' ಅನ್ನುವುದಕ್ಕಿಂತ ಮೊದಲು. ಮೊದಲ ಇಂಟರ್‌ವ್ಯೂನಲ್ಲೇ ರಜೆಯ ಮಾತು ತೆಗೆದರೆ ಅವರಿಗೆ ನಿಮ್ಮ ಕೆಲಸಕ್ಕಿಂತ ರಜೆಯೇ ಕಾಣುತ್ತದೆ. ಸೇರಿದ ಮೇಲೆ ಹೇಳಿದರೆ ಅವರು ಹಾಕಿಕೊಂಡ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇಂಟರ್‌ವ್ಯೂನಲ್ಲಿ ಅವರಾಗಿಯೇ 'ಮುಂದಿನ ಎರಡು ಮೂರು ತಿಂಗಳಲ್ಲಿ ಏನಾದ್ರೂ ರಜೆ ಇದೆಯಾ' ಅಂತ ಕೇಳಿದರೆ ಮಾತ್ರ ಅಲ್ಲೇ ನಿಜ ಹೇಳಿಬಿಡಿ, ಮುಚ್ಚಿಡಬೇಡಿ.

ನಾನು ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತಿದ್ದೆ. ಸಿದ್ದಾಪುರ ಕಡೆಯ ಇನ್ನೊಂದು ರೆಸಾರ್ಟ್‌ನಿಂದ ಮಾರ್ಚ್‌ನಲ್ಲಿ ಆಫರ್ ಬಂತು. ಅಷ್ಟರಲ್ಲಿ ಮೇ ತಿಂಗಳಿಗೆ ಅಪ್ಪ, ಅಮ್ಮ, ದೊಡ್ಡಮ್ಮನ ಜೊತೆ ಕೇದಾರನಾಥ, ಬದರಿನಾಥ ಅಂತ ನಿರ್ಧಾರ ಆಗಿತ್ತು. ಕೇದಾರದ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು, ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊಖಿಮಠದಲ್ಲಿ ಘೋಷಿಸುತ್ತಾರೆ. ಅದು ಗೊತ್ತಾದ ಮೇಲೆ ನಾವು ಯಾತ್ರೆಯ ನೋಂದಣಿ, ಬೆಂಗಳೂರು–ದೆಹಲಿ ವಿಮಾನ ಎಲ್ಲ ಮಾಡಿ ಮುಗಿಸಿದ್ದೆವು.

ಮೇ ತಿಂಗಳೇ ಯಾಕೆ ಅಂತ ಕೊಡಗಿನವರಿಗೆ ವಿವರಿಸಬೇಕಿಲ್ಲ. ನಮ್ಮದು ಕಾಫಿ ತೋಟ. ರೋಬಸ್ಟಾ ಕೊಯ್ಲು ಮುಗಿಯುವಷ್ಟರಲ್ಲಿ ಮಾರ್ಚ್ ಬರುತ್ತದೆ, ಕಣದಲ್ಲಿ ಒಣಗಿದ್ದು ಮೂಟೆ ಆಗಬೇಕು, ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತಾ ಇಲ್ವಾ ಅಂತ ಆಕಾಶ ನೋಡುವುದು, ಬರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಮೇ ಕೊನೆಗೆ ಗಿಡಕ್ಕೆ ರೋಗ ಬರದ ಹಾಗೆ ಮಳೆಗಾಲಕ್ಕೆ ಮುಂಚಿನ ಬೋರ್ಡೋ ಸ್ಪ್ರೇ. ಅಪ್ಪ ತೋಟ ಬಿಟ್ಟು ಹೊರಡಲು ಸಿಗುವುದು ಈ ಎರಡರ ನಡುವಿನ ಸ್ವಲ್ಪ ಸಮಯ ಮಾತ್ರ. ಕಷ್ಟ ಏನಂದ್ರೆ ರೆಸಾರ್ಟ್‌ಗೆ ಅದೇ ಸೀಸನ್. ಏಪ್ರಿಲ್, ಮೇನಲ್ಲಿ ಮಕ್ಕಳಿಗೆ ರಜೆ, ರೂಮೆಲ್ಲ ಫುಲ್. ಅವರಿಗೆ ನಾನು ಬೇಕಾಗಿದ್ದದ್ದೂ ಆ ಎರಡು ತಿಂಗಳಿಗಾಗಿಯೇ.

ಹೊಸ ರೆಸಾರ್ಟ್‌ನ ಮ್ಯಾನೇಜರ್‌ಗೆ ಫೋನ್ ಮಾಡುವ ಮೊದಲು ಮನೆಯಲ್ಲಿ ಕೂತು ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಅವರು ಒಪ್ಪದಿದ್ದರೆ ಏನು? ಅಮ್ಮನ ಮಂಡಿ ನೋವು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆ. ಗೌರಿಕುಂಡದಿಂದ ಮೇಲಕ್ಕೆ ಸುಮಾರು 16 ಕಿಲೋಮೀಟರ್, ಕುದುರೆ ಮೇಲೆ ಹೋದರೂ ಸುಲಭ ಅಲ್ಲ. ಮುಂದಿನ ವರ್ಷ ಆಗುತ್ತೋ ಇಲ್ವೋ. ಹಾಗಾಗಿ ಕೆಲಸ ಹೋದರೂ ಪರವಾಗಿಲ್ಲ, ಯಾತ್ರೆ ಬಿಡುವುದಿಲ್ಲ ಅಂತ ತೀರ್ಮಾನಿಸಿದೆ. ನಿಮ್ಮ ಟ್ರಿಪ್ ಸ್ನೇಹಿತರ ಜೊತೆ ಗೋಕರ್ಣಕ್ಕೆ ಅಂತಾದರೆ ಮುಂದೂಡಬಹುದು, ಅದನ್ನು ಮುಂದೂಡಿಬಿಡಿ, ಸುಮ್ನೆ ಹಟ ಬೇಡ. ಯಾವುದು ಸರಿಸಬಹುದು ಯಾವುದು ಸರಿಸಬಾರದು ಅಂತ ನಿಮಗೇ ಗೊತ್ತಿಲ್ಲದೆ ಮಾತಿಗೆ ಕೂತರೆ ಎದುರಿನವರು ಒಂದು ಸಲ 'ನೋಡಿ ಅಡ್ಜಸ್ಟ್ ಮಾಡ್ಕೊಳ್ಳಿ' ಅಂದಾಗ ಹೂಂ ಅಂದುಬಿಡುತ್ತೀರಿ.

ಆಮೇಲೆ ಲೆಕ್ಕ. ರೋಸ್ಟರ್, ಅಂದರೆ ಯಾರಿಗೆ ಯಾವ ದಿನ ಡ್ಯೂಟಿ ಅನ್ನುವ ಪಟ್ಟಿ, ಹಾಕುವ ಕೆಲಸ ನಾನೂ ಮಾಡಿದ್ದರಿಂದ ಅವರ ಕಡೆಯ ತಲೆನೋವು ನನಗೆ ಗೊತ್ತು. ಸೀಸನ್‌ನಲ್ಲಿ ಒಬ್ಬರು ಇಲ್ಲ ಅಂದರೆ ಇನ್ನೊಬ್ಬರ ವಾರದ ರಜೆ ಹೋಗುತ್ತದೆ, ಅವರ ಮನೆಯ ಮದುವೆಯೋ ನಾಮಕರಣವೋ ತಪ್ಪುತ್ತದೆ. ಹಾಗಾಗಿ 'ಮೇನಲ್ಲಿ ಸ್ವಲ್ಪ ದಿನ ರಜೆ ಬೇಕು' ಅಂತ ತೇಲಿಸಿ ಹೇಳಬಾರದು. ನಮ್ಮದು ಸೋಮವಾರ ಹೊರಟು ಮುಂದಿನ ವಾರದ ಗುರುವಾರ ವಾಪಸ್. ಅಂದರೆ ತಪ್ಪುವುದು ಒಂದೇ ವೀಕೆಂಡ್. ಕೊಡಗಿನ ರೆಸಾರ್ಟ್‌ಗಳಿಗೆ ಜನ ಬರುವುದು ಶುಕ್ರವಾರ ಸಂಜೆಯಿಂದ ಭಾನುವಾರದ ತನಕ, ಆದ್ದರಿಂದ ಮ್ಯಾನೇಜರ್ ಎಣಿಸುವುದು ದಿನ ಅಲ್ಲ, ವೀಕೆಂಡ್. ಅವರು ಎಣಿಸುವ ಹಾಗೆಯೇ ನಾನೂ ಎಣಿಸಿ ಹೇಳಿದೆ. ಮಾತು ಸುಲಭ ಆಗಿದ್ದು ಅದರಿಂದಲೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎರಡು ದಾರಿ ಮುಂದಿಟ್ಟೆ. 'ಸಾರ್, ಇಲ್ಲಿ ನನ್ನ ಒಂದು ತಿಂಗಳ ನೋಟಿಸ್ ಏಪ್ರಿಲ್ ಮಧ್ಯಕ್ಕೆ ಮುಗಿಯುತ್ತೆ. ತಕ್ಷಣ ಬಂದು ಸೇರ್ತೀನಿ, ಮೇನಲ್ಲಿ ಈ ತಾರೀಕುಗಳಿಗೆ ಸಂಬಳ ಇಲ್ಲದ ರಜೆ ಕೊಡಿ. ಇಲ್ಲಾಂದ್ರೆ ಯಾತ್ರೆ ಮುಗಿಸಿಕೊಂಡೇ ಸೇರ್ತೀನಿ. ನಿಮಗೆ ಯಾವುದು ಅನುಕೂಲ?' ಎರಡನೆಯದು ನನಗೆ ಸುಲಭ, ಆದರೆ ಅವರಿಗೆ ಸೀಸನ್ ಮುಗಿದುಹೋಗುತ್ತದೆ. ಹಾಗಾಗಿ ಮೊದಲನೆಯದನ್ನೇ ಆರಿಸುತ್ತಾರೆ ಅಂತ ಅಂದಾಜಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜೂನ್‌ನಲ್ಲಿ ಹೋಗಬಹುದಲ್ವಾ? ಇಲ್ಲಿ ಆಗ ಗೆಸ್ಟ್ ಕಡಿಮೆ' ಅಂದರು. ನ್ಯಾಯವಾದ ಪ್ರಶ್ನೆಯೇ. 2013ರ ಜೂನ್‌ನಲ್ಲಿ ಕೇದಾರದಲ್ಲಿ ಆದ ಪ್ರವಾಹದ ವಿಷಯ ಹೇಳಿದೆ. 2018ರ ಆಗಸ್ಟ್‌ನಲ್ಲಿ ನಮ್ಮದೇ ಬೆಟ್ಟಗಳು ಜಾರಿದ್ದನ್ನು ಕಂಡ ಮೇಲೆ ವಯಸ್ಸಾದವರನ್ನು ಮಳೆಯಲ್ಲಿ ಬೆಟ್ಟದ ದಾರಿಗೆ ಕರೆದುಕೊಂಡು ಹೋಗಲು ನನಗೆ ಧೈರ್ಯ ಇಲ್ಲ ಸಾರ್ ಅಂದೆ. ಅವರದ್ದೂ ಇದೇ ಊರು, ಮತ್ತೆ ಆ ಮಾತು ತೆಗೆಯಲಿಲ್ಲ. ಹೊರಡುವ ಮೊದಲು ಗ್ರೂಪ್ ಬುಕಿಂಗ್‌ಗಳ ಪಟ್ಟಿ, ಅಡ್ವಾನ್ಸ್ ಬಂದದ್ದು ಬಾಕಿ ಇರುವುದು ಎಲ್ಲ ಬರೆದು ಒಬ್ಬರಿಗೆ ಒಪ್ಪಿಸಿ ಹೋಗಬೇಕು ಅನ್ನುವ ಒಂದೇ ಷರತ್ತು ಹಾಕಿ ಒಪ್ಪಿದರು.

ಸಂಬಳದ ರಜೆ ಕೇಳಬಹುದಿತ್ತಲ್ಲಾ ಅಂತ ನನ್ನ ತಮ್ಮ ಕೇಳಿದ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಲೆಕ್ಕ 20 ದಿನ ಕೆಲಸಕ್ಕೆ 1 ದಿನ ಸಂಬಳದ ರಜೆ. ಏಪ್ರಿಲ್ ಮಧ್ಯಕ್ಕೆ ಸೇರಿದವರಿಗೆ ಮೇನಲ್ಲಿ ಎಷ್ಟು ರಜೆ ಇರುತ್ತದೆ ಹೇಳಿ. ಇಲ್ಲದ್ದನ್ನು ಕೇಳಿ ಮಾತು ಕೆಡಿಸಿಕೊಳ್ಳುವುದಕ್ಕಿಂತ ಸಂಬಳ ಬಿಟ್ಟು ತಾರೀಕು ಉಳಿಸಿಕೊಳ್ಳುವುದೇ ಸರಿ ಅನ್ನಿಸಿತು. ಹಳೇ ಕಡೆ ಉಳಿದಿದ್ದ ರಜೆಗೆ ಸಿಗುವ ದುಡ್ಡು ಫೈನಲ್ ಸೆಟಲ್‌ಮೆಂಟ್‌ನಲ್ಲಿ ಬಂತು, ಮೇ ತಿಂಗಳ ಕಡಿತಕ್ಕೆ ಅದೇ ಆಸರೆ ಆಯ್ತು.

ಇನ್ನು ಬಹಳ ಮುಖ್ಯವಾದದ್ದು ಬರಹದಲ್ಲಿ ತೆಗೆದುಕೊಳ್ಳುವುದು. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಪರಿಚಯ, ಮಾತೇ ಸಾಕು ಅನ್ನುವ ರೂಢಿ. ಒಳ್ಳೆಯ ರೂಢಿಯೇ, ಆದರೆ ಕೆಲಸದ ವಿಷಯಕ್ಕೆ ಸಾಲದು. ಫೋನ್ ಇಟ್ಟ ಸಂಜೆಯೇ ಹೆಚ್‌ಆರ್ ಮೇಡಂಗೆ ಮೇಲ್ ಹಾಕಿದೆ. 'ಮಾತಾಡಿಕೊಂಡ ಹಾಗೆ ಈ ತಾರೀಕಿಗೆ ಸೇರುತ್ತೇನೆ, ಈ ತಾರೀಕಿನಿಂದ ಈ ತಾರೀಕಿನವರೆಗೆ ಸಂಬಳವಿಲ್ಲದ ರಜೆ, ದಯವಿಟ್ಟು ಖಚಿತಪಡಿಸಿ' ಅಂತ, ಅಷ್ಟೇ. ಆಫರ್ ಲೆಟರ್‌ನಲ್ಲಿ ಅದನ್ನೆಲ್ಲ ಹಾಕಲ್ಲ ಅಂದರು. ಸರಿ ಮೇಡಂ, ಈ ಮೇಲ್‌ಗೇ ಒಂದು ಉತ್ತರ ಕೊಟ್ಟರೆ ಸಾಕು ಅಂದೆ, ಕೊಟ್ಟರು. ಆ ಉತ್ತರ ಬಂದ ಮೇಲೆಯೇ ಹಳೇ ಕಡೆ ರಾಜೀನಾಮೆ ಕೊಟ್ಟದ್ದು.

ಆ ಮೇಲ್ ಕೆಲಸಕ್ಕೆ ಬಂತು. ರೆಸಾರ್ಟ್ ಲೈನಿನಲ್ಲಿ ಮ್ಯಾನೇಜರ್‌ಗಳು ಬದಲಾಗುತ್ತಲೇ ಇರುತ್ತಾರೆ. ನನಗೆ ಹೂಂ ಅಂದವರು ನಾನು ಸೇರಿದ ಸ್ವಲ್ಪ ದಿನಕ್ಕೇ ಬೇರೆ ಕಡೆ ಹೋದರು. ಹೊಸಬರಿಗೆ ನನ್ನ ರಜೆ ಗೊತ್ತೇ ಇರಲಿಲ್ಲ, ಮೇ ರೋಸ್ಟರ್‌ನಲ್ಲಿ ನನ್ನ ಹೆಸರು ಎಲ್ಲಾ ದಿನಕ್ಕೂ ಬಿದ್ದಿತ್ತು. ಮೇಲ್ ತೋರಿಸಿದೆ, ಜೊತೆಗೆ ಆ ವೀಕೆಂಡ್‌ಗೆ ನನ್ನ ಬದಲು ಬರಲು ಜೊತೆಗೆ ಕೆಲಸ ಮಾಡುವ ಒಬ್ಬ ಹುಡುಗನನ್ನು ಮೊದಲೇ ಕೇಳಿ ಒಪ್ಪಿಸಿದ್ದನ್ನೂ ಹೇಳಿದೆ. ಅವರು ಪೆನ್ ತೆಗೆದುಕೊಂಡು ಅಲ್ಲೇ ತಿದ್ದಿದರು. ವಾಪಸ್ ಬಂದ ಮೇಲೆ ಆ ಹುಡುಗನಿಗೆ ಊರಿನ ಹಬ್ಬಕ್ಕೆ ಹೋಗಬೇಕು ಅಂದಾಗ ಅವನ ಶಿಫ್ಟ್ ನಾನು ಮಾಡಿದೆ, ಅದು ಮಾಡಲೇಬೇಕಾದದ್ದು.

ಒಂದು ಮಾತು ಸ್ವಲ್ಪ ಖಾರವಾಗಿಯೇ ಹೇಳ್ತೀನಿ. ಸೇರಿ ಆಮೇಲೆ 'ಜ್ವರ', 'ಅಜ್ಜಿಗೆ ಹುಷಾರಿಲ್ಲ' ಅಂತ ಸುಳ್ಳು ಹೇಳಿ ಟೂರ್‌ಗೆ ಹೋಗಬೇಡಿ. ಕೊಡಗು ಚಿಕ್ಕ ಜಿಲ್ಲೆ, ಮಡಿಕೇರಿಯಲ್ಲಿ ಹೇಳಿದ್ದು ಸಂಜೆಯೊಳಗೆ ಕುಶಾಲನಗರಕ್ಕೆ ಮುಟ್ಟುತ್ತದೆ. ಗೊತ್ತಾಗುತ್ತದೆ ಅನ್ನುವ ಭಯ ಹಾಗಿರಲಿ, ನಿಮ್ಮ ಬದಲು ನಿಂತವರಿಗೆ ಮಾಡುವ ಅನ್ಯಾಯ ಅದು.

ಯಾತ್ರೆ ಮುಗಿಸಿಕೊಂಡೇ ಸೇರುವುದಾದರೆ ಹೊರಡುವ ಮೊದಲು ಹಳೇ ಕಡೆಯಿಂದ ರಿಲೀವಿಂಗ್ ಲೆಟರ್ ಕೈಗೆ ತಗೊಳ್ಳಿ. ಹಳೇ ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ನಿಲ್ಲುತ್ತದೆ, ಹೊಸದು ಸೇರಿದ ಮೇಲೆಯೇ ಶುರು. ಆ ನಡುವೆಯೇ ನೀವು ಬೆಟ್ಟ ಹತ್ತುತ್ತಿರುತ್ತೀರಿ, ಸ್ವಂತದ್ದೊಂದು ಪಾಲಿಸಿ ಇರಲಿ.

ನನ್ನ ಹಾಗೆ ಮೊದಲೇ ಸೇರಿ ರಜೆ ತೆಗೆದುಕೊಂಡರೆ ಆ ತಿಂಗಳ ಸಂಬಳದ ಚೀಟಿ ಗಮನಿಸಿ ನೋಡಿ. ಕೆಲವು ಕಡೆ ತಿಂಗಳ ಸಂಬಳವನ್ನು 30ರಿಂದ ಭಾಗಿಸಿ ಕಡಿಯುತ್ತಾರೆ, ಕೆಲವು ಕಡೆ ವಾರದ ರಜೆ ಬಿಟ್ಟು 26ರಿಂದ. ನಡುವೆ ಬರುವ ವಾರದ ರಜೆಯನ್ನೂ ಸೇರಿಸಿ ಕಡಿಯುವವರಿದ್ದಾರೆ. ಇದನ್ನು ನಾನು ಹೊರಡುವ ಮೊದಲೇ ಅಕೌಂಟ್ಸ್‌ನವರನ್ನು ಕೇಳಿಕೊಂಡಿದ್ದೆ, ಹಾಗಾಗಿ ಜೂನ್‌ನಲ್ಲಿ ಬಂದ ಮೊತ್ತ ನಾನು ಬರೆದಿಟ್ಟುಕೊಂಡ ಮೊತ್ತಕ್ಕೆ ಸರಿಯಾಗಿ ಹೊಂದಿತು.