ಪಹಣಿಯಲ್ಲಿ ತಾತ, ಹೊಲದಲ್ಲಿ ಅಮ್ಮ

2022ರವರೆಗೂ ನಮ್ಮ ಎರಡೂವರೆ ಎಕರೆ ಹೊಲದ ಪಹಣಿಯಲ್ಲಿ ತಾತನ ಹೆಸರೇ ಇತ್ತು. ತಾತ ಹೋಗಿ ಎಷ್ಟೋ ವರ್ಷ ಆಗಿತ್ತು, ಅಪ್ಪನೂ ಇರಲಿಲ್ಲ. ಬಿತ್ತನೆ, ಕಳೆ, ಕೊಯ್ಲು ಎಲ್ಲಾ ಅಮ್ಮನದೇ. ಪಿಎಂ ಕಿಸಾನ್ ಶುರುವಾಗಿ ಅಕ್ಕಪಕ್ಕದವರ ಮೊಬೈಲಿಗೆಲ್ಲ 2,000 ರೂಪಾಯಿಯ ಮೆಸೇಜ್ ಬರತೊಡಗಿತು. ವರ್ಷಕ್ಕೆ ಮೂರು ಕಂತು, 6,000 ರೂಪಾಯಿ. "ನಾನು ರೈತಳಲ್ವಾ?" ಎಂದು ಅಮ್ಮ ಕೇಳಿದಳು. ಆ ಮಾತು ಕೇಳಿದ ಮೇಲೆ ನಾನು ಸುಮ್ನೆ ಕೂರಲಿಲ್ಲ.

ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಅಲೆದೆ. ಅದೇ ತಪ್ಪು. ಅಲ್ಲಿ ಎಫ್‌ಐಡಿ ಕೇಳುತ್ತಾರೆ, ಅಂದರೆ ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿದ ರೈತರಿಗೆ ಸಿಗುವ ಗುರುತಿನ ಸಂಖ್ಯೆ. ಎಫ್‌ಐಡಿಗೆ ಜಮೀನು ಸೇರಿಸಲು ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಮಾಲೀಕರ ಕಾಲಂನಲ್ಲಿ, ಹೆಸರು ಇರಬೇಕು. ಹಾಗಾಗಿ ಮೊದಲು ಆಗಬೇಕಾದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅದು ಕಂದಾಯ ಇಲಾಖೆಯ ಕೆಲಸ.

ತಾತನ ಸಾವು ನೋಂದಣಿಯೇ ಆಗಿರಲಿಲ್ಲ. ವರ್ಷ ದಾಟಿದ ಸಾವಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಅದಕ್ಕೇ ಐದು ತಿಂಗಳು ಹಿಡಿಯಿತು. ಆಮೇಲೆ ವಂಶವೃಕ್ಷ. "ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡಿ, ಬೇಗ ಆಗುತ್ತೆ" ಎಂದು ಕಚೇರಿ ಹೊರಗೆ ಅರ್ಜಿ ಬರೆಯುವವರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಇಬ್ಬರು ಅತ್ತೆಯರ ಮನೆಗೂ ಹೋಗಿ ಆಧಾರ್ ಪ್ರತಿ ತಂದೆ. ದೊಡ್ಡತ್ತೆ, "ನನ್ನ ಹೆಸರು ಇರಲಿ ಮಗಾ, ಉಳುಮೆ ನಿಮ್ಮಮ್ಮನೇ ಮಾಡ್ಕೊಳ್ಳಲಿ" ಎಂದರು. ಕೊನೆಗೆ ಎಲ್ಲರ ಹೆಸರೂ ಸೇರಿ ಪಹಣಿ ಜಂಟಿ ಖಾತೆಯಾಯಿತು. 2019ರ ಫೆಬ್ರವರಿ 1ರ ನಂತರ ಹೆಸರಿಗೆ ಬಂದ ಜಮೀನಿಗೆ ಪಿಎಂ ಕಿಸಾನ್ ಹಣ ಇಲ್ಲ, ಆದರೆ ಸಾವಿನಿಂದ ವಾರಸುದಾರರಿಗೆ ಬಂದ ಜಮೀನಿಗೆ ಆ ತಡೆ ಇಲ್ಲ. ಇದು ಗೊತ್ತಿಲ್ಲದೆ ಕೈಬಿಟ್ಟವರು ನಮ್ಮ ಕಡೆ ಬಹಳ ಜನ ಇದ್ದಾರೆ.

ಇ-ಕೆವೈಸಿ, ಅಂದರೆ ಆಧಾರ್‌ನಿಂದ ಗುರುತು ಖಚಿತಪಡಿಸುವ ದಿನ ಅಮ್ಮನ ಹೆಬ್ಬೆಟ್ಟನ್ನು ಯಂತ್ರ ಓದಲೇ ಇಲ್ಲ. ಕುಡುಗೋಲು, ಗುದ್ದಲಿ ಹಿಡಿದು ಗೆರೆಗಳೇ ಸವೆದಿದ್ದವು. ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತಿದಳು. ಕೆಂಪು ದೀಪವೇ ಬಂತು. ಕೊನೆಗೆ 2023ರಲ್ಲಿ ಪಿಎಂ ಕಿಸಾನ್ ಆಪ್‌ಗೆ ಮುಖ ತೋರಿಸುವ ಅನುಕೂಲ ಬಂದ ಮೇಲೆ, ಮನೆ ಜಗಲಿಯ ಮೇಲೆ ಕೂತೇ ಕೆಲಸ ಮುಗಿಯಿತು.

ಆದರೆ ನನಗೆ ಈಗಲೂ ಕೊರೆಯುವ ವಿಷಯ ಇನ್ನೊಂದಿದೆ. ಅಮ್ಮನ ಕೈಲಾಗದೆ ಒಂದು ಎಕರೆಯನ್ನು ಇನ್ನೊಬ್ಬ ರೈತರಿಗೆ ಪಾಲಿಗೆ ಕೊಟ್ಟಿದ್ದೇವೆ. 1974ರ ಭೂಸುಧಾರಣೆಯ ನಂತರ ನಮ್ಮ ರಾಜ್ಯದಲ್ಲಿ ಗೇಣಿಗೆ ಕೊಡುವುದಕ್ಕೆ ಕಾನೂನಿನಲ್ಲಿ ಹೆಚ್ಚುಕಡಿಮೆ ಜಾಗವೇ ಇಲ್ಲ. ಎಲ್ಲಾ ಬಾಯಿಮಾತು. ಹಾಗಾಗಿ ಅವರು ಯಾವ ಪಟ್ಟಿಯಲ್ಲೂ ಇಲ್ಲ. ಪಿಎಂ ಕಿಸಾನ್ ಇಲ್ಲ, ಬೆಳೆ ಪರಿಹಾರವೂ ಇಲ್ಲ. ಅವರಿಗೆ ಸಿಗುವ ಸಬ್ಸಿಡಿ ಎಂದರೆ ಯೂರಿಯಾದಂಥ ರಸಗೊಬ್ಬರದ್ದು ಮಾತ್ರ. ಅಂಗಡಿಯ ಯಂತ್ರದಲ್ಲಿ ಆಧಾರ್ ಕೊಟ್ಟರೆ ಯೂರಿಯಾದ 45 ಕೆಜಿ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುತ್ತದೆ, ಅಲ್ಲಿ ಪಹಣಿ ಕೇಳುವುದಿಲ್ಲ.

2023ರ ಬರದಲ್ಲಿ ಅವರ ರಾಗಿ ಮೊಳಕಾಲುದ್ದಕ್ಕೇ ಒಣಗಿತು. ಬೀಜ, ಉಳುಮೆಯ ಖರ್ಚೆಲ್ಲ ಅವರದೇ. ಪರಿಹಾರ ಬಂದದ್ದು ಮಾತ್ರ ಅಮ್ಮನ ಬ್ಯಾಂಕ್ ಖಾತೆಗೆ. ಅಮ್ಮ ಆ ಒಂದು ಎಕರೆಯ ಪಾಲನ್ನು ಬಿಡಿಸಿಕೊಂಡು ಬಂದು, ಅವರ ಮನೆಗೇ ಹೋಗಿ ಕೊಟ್ಟಳು. ಮೊದಲು ಅವರು ಬೇಡ ಎಂದರು. "ರಾಗಿ ನಿಂದು ಕಣಪ್ಪ" ಎಂದು ಅಮ್ಮ ದುಡ್ಡನ್ನು ಅವರ ಹೆಂಡತಿಯ ಕೈಗಿಟ್ಟಳು. ಈಗ ಸಬ್ಸಿಡಿ ಬಿತ್ತನೆ ಬೀಜಕ್ಕೂ ಅವರು ಅಮ್ಮನ ಎಫ್‌ಐಡಿ ಬರೆದುಕೊಂಡೇ ಹೋಗುತ್ತಾರೆ.