ಎಸಿಎಲ್ ಆಪರೇಷನ್ ನಂತರ: ಮೊದಲು ಕಾಲು ನೇರವಾಗಲಿ

ಎಸಿಎಲ್ ಎಂದರೆ ಮಂಡಿಯೊಳಗೆ ತೊಡೆಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಕಟ್ಟು. ಅದರ ಆಪರೇಷನ್ ಆದ ಮೊದಲ ಎರಡು ವಾರ ಮಂಡಿ ಮಡಚುವುದಕ್ಕಿಂತ ಪೂರ್ತಿ ನೇರ ಮಾಡುವುದೇ ಮುಖ್ಯ. ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬಿಟ್ಟು ಮಲಗುವವರೇ ಹೆಚ್ಚು. ಮಂಡಿ ಅಲ್ಲೇ ಬಗ್ಗಿ ಬಿಗಿದುಕೊಳ್ಳುತ್ತದೆ, ಆಮೇಲೆ ಕುಂಟು ನಡಿಗೆ ಬಿಡುವುದಿಲ್ಲ.

ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ. ಮಂಡಿಯ ಹಿಂಭಾಗ ತೇಲುತ್ತಿರಬೇಕು. ಹೀಗೆ 10 ನಿಮಿಷ, ದಿನಕ್ಕೆ 3-4 ಸಲ. ನಂತರ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿ ಮಾಡಿ 5 ಸೆಕೆಂಡ್ ಹಾಗೇ ನಿಲ್ಲಿಸಿ, 10 ಬಾರಿ. ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯದಿದ್ದರೆ ಸ್ನಾಯು ಇನ್ನೂ ಎಚ್ಚೆತ್ತಿಲ್ಲ.

ನೇರ ಕಾಲನ್ನು ಎತ್ತುವಾಗ ಮಂಡಿ ಬಾಗಿದರೆ ಆ ವ್ಯಾಯಾಮ ಸದ್ಯಕ್ಕೆ ಬೇಡ. ಮರುದಿನ ಊತ ಹೆಚ್ಚಿದರೆ ಪ್ರಮಾಣ ತಗ್ಗಿಸಿ. ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿಯಾದ ಮೆನಿಸ್ಕಸ್‌ಗೂ ಹೊಲಿಗೆ ಬಿದ್ದಿದ್ದರೆ ಎಷ್ಟು ಮಡಚಬೇಕು, ಎಷ್ಟು ಭಾರ ಹಾಕಬೇಕು ಎಂಬುದು ಸರ್ಜನ್ ಹೇಳಿದಂತೆಯೇ. ಮೀನಖಂಡದಲ್ಲಿ ನೋವು, ಬಾವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.